ಸಮುದ್ರಸಂಗಮದ ಸಾಧಕ ದಾರಾ ಶಿಕೋಹ

ಎರಡು ನದಿಗಳು ಕೂಡುವ ಸ್ಥಳವನ್ನು ಭಾರತದ ಜನರು ಪುರಾತನ ಕಾಲದಿಂದಲೂ ತೀರ್ಥವೆಂದು ಭಾವಿಸಿದ್ದಾರೆ. ಗಂಗಾಯಮುನೆಯರು ಕೂಡುವಲ್ಲಿ ಪ್ರಯಾಗವಿರುವುದು. ಕೃಷ್ಣಾಮಲಪ್ರಭೆಯರು ಕೂಡುವಲ್ಲಿ ಶಿವಶರಣರ ಪಾದಧೂಳಿಯಿಂದ ಪುನೀತವಾದ ಕೂಡಲಸಂಗಮವಿರುವುದು. ನೀರಿನ ಸಂಗಮವು ಪ್ರಕೃತಿಯ ಕಾರ್ಯ. ಮತಗಳ ಸಂಗಮವಾದರೋ ಮನುಷ್ಯನ ಪ್ರಯತ್ನದಿಂದ ಮಾತ್ರ ಸಾಧ್ಯವಾಗತಕ್ಕದ್ದು. ಆ ಪ್ರಯತ್ನವನ್ನು ಕೈಕೊಂಡು, ಅದರ ಬೆಲೆಯನ್ನು ತನ್ನ ಪ್ರಾಣದಿಂದಲೇ ತೆತ್ತ ರಾಜಪುತ್ರನೊಬ್ಬನು ಹದಿನೇಳನೆಯ ಶತಮಾನದಲ್ಲಿ ದೆಹಲಿಯಲ್ಲಿ ಬಾಳಿಹೋದನು. ಆತನೇ ಮೊಗಲ ಚಕ್ರವರ್ತಿ ಷಾಜಹಾನನ ಹಿರಿಯ ಮಗ ದಾರಾ ಶಿಕೋಹ.

ದಾರಾ ಹುಟ್ಟಿದುದು 1615ರ ಮಾರ್ಚಿಯಲ್ಲಿ, ಅಜಮೀರದಲ್ಲಿ. ಆಗ ಷಾಜಹಾನನು ಇನ್ನೂ ಪಟ್ಟಕ್ಕೆ ಬಂದಿರಲಿಲ್ಲ. ಗಂಡುಸಂತಾನವಾಗಲೆಂದು ಅವನು ಅಜಮೀರದ ಖ್ವಾಜಾ ಮೊಯಿನುದ್ದೀನ್ ಚಿಶ್ತಿಯವರ ಸಮಾಧಿಯ ಮುಂದೆ ಪ್ರಾರ್ಥಿಸಿದ್ದನು. ಸಂತನ ಊರಿನಲ್ಲಿಯೇ ಮಗನು ಹುಟ್ಟಿದನು. ತಾಯಿ ಮುಮ್ತಾಜ್ ಮಹಲಳ ಹೊಟ್ಟೆಯಲ್ಲಿ ದಾರಾನ ತರುವಾಯ ಶೂಜಾ, ಔರಂಗಜೇಬ, ಮುರಾದ ಎಂಬ ಮೂವರು ಗಂಡುಮಕ್ಕಳು ಹುಟ್ಟಿ ಬೆಳೆದರು. ಹಿರಿಯಕ್ಕ ಜಹಾನಾರಾಳು ದಾರಾನಿಗೆ ಕೊನೆಯವರೆಗೂ ಆಪ್ತಳಾಗಿ ಉಳಿದಳು. 1628ರಲ್ಲಿ ಷಾಜಹಾನನು ಸಿಂಹಾಸನವನ್ನೇರಿದನು. 1631ರಲ್ಲಿ ತಾಯಿ ತೀರಿಕೊಂಡಳು. 1633ರಲ್ಲಿ ದಾರಾನಿಗೂ ಅವನ ದೊಡ್ಡತಂದೆಯ ಸಂತತಿಯವಳಾದ ನಾದಿರಾ ಬಾನುವಿಗೂ ವಿವಾಹವಾಯಿತು. ಉತ್ತಮವಾದ ಚಿತ್ರಗಳನ್ನೂ ಲಿಪಿಪತ್ರಗಳನ್ನೂ ಜೋಡಿಸಿ ಅವನು ಆಕೆಗೆ ಕಾಣಿಕೆಯಾಗಿ ಕೊಟ್ಟ ಚಿತ್ರಸಂಪುಟವು ಇಂದಿಗೂ ಲಂಡನ್ನಿನ ಗ್ರಂಥಾಲಯದಲ್ಲಿ ಸುರಕ್ಷಿತವಾಗಿರುವುದು.

ವಿವಾಹವಾದ ಸ್ವಲ್ಪ ಕಾಲದಲ್ಲಿಯೇ ಮೊದಲ ಮಗುವು ಅಳಿದುಹೋಗಲು ದಾರಾನು ಶೋಕದಿಂದ ರೋಗಗ್ರಸ್ತನಾದನು. ರಾಜವೈದ್ಯರ ಔಷಧಗಳು ಫಲಿಸಲಿಲ್ಲ. ಲಾಹೋರಿನಲ್ಲಿದ್ದಾಗ ಷಾಜಹಾನನು ಮಗನನ್ನು ಮಿಯಾನ್ ಮೀರರೆಂಬ ಸೂಫಿ ಸಂತರ ಬಳಿಗೆ ಕರೆದೊಯ್ದನು. ಕಾದಿರಿ ಪಂಥಕ್ಕೆ ಸೇರಿದ ಆ ವೃದ್ಧರು ಅರಸುಗಳ ಮನೆಯ ಹಂಗನ್ನು ಬಯಸದೆ ಏಕಾಂತದಲ್ಲಿ ಬಾಳುತ್ತಿದ್ದವರು. ಅವರು ತಮ್ಮ ಪಾತ್ರೆಯ ನೀರನ್ನು ಮಂತ್ರಿಸಿ ಕುಡಿಸಿದರೆಂದೂ ಅದರಿಂದ ರೋಗವು ವಾಸಿಯಾಯಿತೆಂದೂ ದಾರಾನೇ ತನ್ನ ಗ್ರಂಥದಲ್ಲಿ ಬರೆದಿದ್ದಾನೆ. ದೇಹದ ರೋಗವು ಹೋದಂತೆಯೇ ಅವನ ಮನಸ್ಸಿನಲ್ಲಿ ಒಂದು ಹೊಸ ಹಸಿವು ಹುಟ್ಟಿತು. 1635ರಲ್ಲಿ ಮಿಯಾನ್ ಮೀರರು ಲಿಂಗೈಕ್ಯರಾದರೆಂದು ಶರಣರ ಭಾಷೆಯಲ್ಲಿ ಹೇಳಬಹುದಾದಂತೆ ದೇವರಲ್ಲಿ ಬೆರೆತುಹೋದರು. ಬಳಿಕ ದಾರಾನೂ ಜಹಾನಾರಾಳೂ ಆ ಸಂತರ ಶಿಷ್ಯರಾದ ಮುಲ್ಲಾ ಶಾಹ ಅವರನ್ನು ಕಾಶ್ಮೀರದಲ್ಲಿ ಗುರುಗಳನ್ನಾಗಿ ಸ್ವೀಕರಿಸಿದರು.

ಸಾಧನೆಯೊಡನೆ ಗ್ರಂಥರಚನೆಯೂ ನಡೆಯಿತು. 1640ರಲ್ಲಿ ಸೂಫಿ ಸಂತರ ಚರಿತ್ರೆಗಳ ಸಂಗ್ರಹವೊಂದನ್ನೂ, 1642ರಲ್ಲಿ ಮಿಯಾನ್ ಮೀರರ ಮತ್ತು ಅವರ ಶಿಷ್ಯಪರಂಪರೆಯ ಚರಿತ್ರೆಯನ್ನೂ, 1646ರಲ್ಲಿ ಧ್ಯಾನಮಾರ್ಗವನ್ನು ತಿಳಿಸುವ ಒಂದು ಸಣ್ಣ ಗ್ರಂಥವನ್ನೂ ಅವನು ಪಾರಸಿಯಲ್ಲಿ ಬರೆದನು. ಮೊದಮೊದಲಿನ ಈ ಕೃತಿಗಳಲ್ಲಿ ಅವನು ಸ್ವಮತನಿಷ್ಠನಾದ ಸೂಫಿ ಸಾಧಕನಾಗಿ ಕಾಣಿಸಿಕೊಳ್ಳುವನು. ಇದು ಗಮನಿಸತಕ್ಕ ವಿಷಯ. ತನ್ನ ಮತದಲ್ಲಿ ಬೇರಿಲ್ಲದವನು ಇತರ ಮತಗಳ ಅಂಗಳದಲ್ಲಿ ಸುಮ್ಮನೆ ತಿರುಗಾಡಿದ ಕಥೆಯಲ್ಲ ದಾರಾನದು. ಸ್ವಧರ್ಮದ ಆಳಕ್ಕೆ ಇಳಿದ ಬಳಿಕವೇ ಅವನಿಗೆ ನೆರೆಮನೆಯ ಬಾವಿಯಲ್ಲಿಯೂ ಅದೇ ನೀರಿರಬಹುದೆಂಬ ಭಾವನೆ ಬಂದಿತು. ಆ ಭಾವನೆಯು ನಿಜವೋ ಭ್ರಮೆಯೋ ಎಂಬುದನ್ನು ಅವನು ಊಹೆಯಿಂದ ನಿರ್ಣಯಿಸದೆ, ಬಲ್ಲವರನ್ನು ಕರೆದು, ಕೂಡಿಸಿ, ಕೇಳಿ ತಿಳಿಯಬೇಕೆಂದು ಸಂಕಲ್ಪಿಸಿದನು.

ಅವನ ಸುತ್ತಲೂ ನೆರೆದವರ ಬಗೆಯು ಅಚ್ಚರಿಯನ್ನುಂಟುಮಾಡುವಂಥದು. ಅಲಹಾಬಾದಿನ ಮುಹಿಬ್ಬುಲ್ಲಾ ಎಂಬ ಸೂಫಿ ವಿದ್ವಾಂಸರೊಡನೆ ಅವನು ತತ್ತ್ವವಿಷಯಕವಾದ ಪತ್ರವ್ಯವಹಾರವನ್ನು ನಡೆಯಿಸಿದನು. ಯಹೂದಿ ಕುಲದಲ್ಲಿ ಹುಟ್ಟಿ, ವ್ಯಾಪಾರಕ್ಕಾಗಿ ಭಾರತಕ್ಕೆ ಬಂದು, ಎಲ್ಲವನ್ನೂ ತೊರೆದು ದಿಗಂಬರನಾಗಿ ಅಲೆಯುತ್ತಿದ್ದ ಸರ್ಮದನೆಂಬ ಕವಿಸಂತನನ್ನು ಆದರಿಸಿದನು. ಯುರೋಪಿನಿಂದ ಬಂದ ಕ್ರೈಸ್ತ ಪಾದ್ರಿಗಳೊಡನೆ ಅವರ ಧರ್ಮದ ವಿಷಯವಾಗಿ ಮಾತನಾಡುತ್ತಿದ್ದನೆಂದು ಆ ಕಾಲದ ವಿದೇಶೀಯರು ಬರೆದಿಟ್ಟಿದ್ದಾರೆ. ಸಿಖ್ಖರ ಏಳನೆಯ ಗುರುಗಳಾದ ಹರರಾಯರು ದಾರಾನಿಗೆ ಕಾಯಿಲೆಯಾಗಿದ್ದಾಗ ಔಷಧವನ್ನು ಕಳುಹಿಸಿ ಗುಣಪಡಿಸಿದರೆಂಬ ನಂಬಿಕೆಯು ಸಿಖ್ಖರ ಸಂಪ್ರದಾಯದಲ್ಲಿ ಉಂಟು.

ಕಾಶಿಯ ಪಂಡಿತಮಂಡಲಿಗೂ ದಾರಾನಿಗೂ ಬಳಕೆಯಿತ್ತು. ಗೋದಾವರೀತೀರದಿಂದ ಹೋಗಿ ಕಾಶಿಯಲ್ಲಿ ನೆಲೆಸಿದ್ದ ಕವೀಂದ್ರಾಚಾರ್ಯ ಸರಸ್ವತಿಯವರು ಆ ಕಾಲದ ಮಹಾವಿದ್ವಾಂಸರಲ್ಲಿ ಒಬ್ಬರು. ಕಾಶೀಪ್ರಯಾಗಗಳಿಗೆ ಬರುವ ಯಾತ್ರಿಕರಿಂದ ಸುಂಕವನ್ನು ಪಡೆಯುವ ಪದ್ಧತಿಯು ಬಡಜನರಿಗೆ ಭಾರವಾಗಿದ್ದಿತು. ಕವೀಂದ್ರಾಚಾರ್ಯರು ಷಾಜಹಾನನ ಆಸ್ಥಾನಕ್ಕೆ ಹೋಗಿ, ವಾದಿಸಿ, ಆ ಸುಂಕವನ್ನು ತೆಗೆಯಿಸಿದರು. ಕೃತಜ್ಞರಾದ ಪಂಡಿತರು ಅವರನ್ನು ಹೊಗಳಿ ಬರೆದ ಸಂಸ್ಕೃತ ಪದ್ಯಗಳ ಸಂಗ್ರಹವು 'ಕವೀಂದ್ರಚಂದ್ರೋದಯ'ವೆಂಬ ಹೆಸರಿನಿಂದ ಉಳಿದುಬಂದಿದೆ. ದಾರಾನ ಕಾಲದ ಸೌಹಾರ್ದವು ಕೇವಲ ಮಾತಿನ ಸೌಹಾರ್ದವಾಗಿರದೆ ಯಾತ್ರಿಕನ ಕೈಚೀಲದವರೆಗೂ ಮುಟ್ಟಿದ್ದಿತೆಂಬುದಕ್ಕೆ ಇದು ಸಾಕ್ಷಿ. ಮಥುರೆಯ ಕೇಶವರಾಯನ ಗುಡಿಗೆ ದಾರಾನು ಕಲ್ಲಿನ ಕಟಕಟೆಯೊಂದನ್ನು ಮಾಡಿಸಿಕೊಟ್ಟಿದ್ದನು. ಅವನು ಗತಿಸಿದ ಮೇಲೆ, 1666ರಲ್ಲಿ, ಔರಂಗಜೇಬನ ಆಜ್ಞೆಯಂತೆ ಅದನ್ನು ಕಿತ್ತುಹಾಕಲಾಯಿತು.

ರಾಜಕಾರ್ಯದಲ್ಲಿ ದಾರಾನಿಗೆ ಇಂಥ ಕೀರ್ತಿಯು ದೊರೆಯಲಿಲ್ಲ. ಪಾರಸಿಕರ ವಶವಾಗಿದ್ದ ಕಂದಹಾರ ದುರ್ಗವನ್ನು ಔರಂಗಜೇಬನು 1649ರಲ್ಲಿಯೂ 1652ರಲ್ಲಿಯೂ ಮುತ್ತಿ ಹಿಂದಿರುಗಿದ್ದನು. 1653ರಲ್ಲಿ ದಾರಾನು ದೊಡ್ಡ ಸೈನ್ಯದೊಡನೆ ಹೋಗಿ ತಾನೂ ಸೋತು ಲಾಹೋರಿಗೆ ಬಂದನು. ಆ ಅವಮಾನದ ದಿನಗಳಲ್ಲಿಯೇ ಅವನ ಜೀವನದ ಅತ್ಯಂತ ರಮ್ಯವಾದ ಪ್ರಸಂಗವು ನಡೆಯಿತು. ಪಂಜಾಬಿನ ಬಟಾಲದ ಸಮೀಪದ ಧ್ಯಾನಪುರದಲ್ಲಿದ್ದ ಬಾಬಾ ಲಾಲ ಎಂಬ ವೈಷ್ಣವ ಸಾಧುಗಳನ್ನು ಅವನು ಲಾಹೋರಿನಲ್ಲಿ ಕಂಡನು. ಏಳು ಸಲ ಅವರಿಬ್ಬರೂ ಕುಳಿತು ಸಂವಾದಿಸಿದರು. ರಾಜಪುತ್ರನು ಪ್ರಶ್ನಿಸುವವನು, ಸಾಧುವು ಉತ್ತರಿಸುವವನು. ಆಸ್ಥಾನದ ಲೇಖಕನೂ ಪಾರಸಿ ಕವಿಯೂ ಆಗಿದ್ದ ಚಂದ್ರಭಾನ ಬ್ರಾಹ್ಮಣನು ಹಿಂದಿಯಲ್ಲಿ ನಡೆದ ಆ ಮಾತುಗಳನ್ನು ಪಾರಸಿಗೆ ತಿರುಗಿಸಿದನು.

ಆ ಸಂವಾದದಲ್ಲಿ ಬಂದ ಪ್ರಶ್ನೆಗಳು ಪರೀಕ್ಷಕನ ಪ್ರಶ್ನೆಗಳಲ್ಲ, ಜಿಜ್ಞಾಸುವಿನ ಪ್ರಶ್ನೆಗಳು. ನಾದಕ್ಕೂ ವೇದಕ್ಕೂ ಇರುವ ಭೇದವೇನು, ಫಕೀರನ ಲಕ್ಷಣವೇನು, ಹಿಂದೂಗಳು ಮೂರ್ತಿಯನ್ನು ಪೂಜಿಸುವುದರ ಗುಟ್ಟೇನು, ಕಾಶಿಯಲ್ಲಿ ಮಡಿದವನಿಗೆ ಮುಕ್ತಿಯೆಂಬುದರ ಅರ್ಥವೇನು ಎಂದು ದಾರಾನು ಕೇಳಿದನು. ಮೂರ್ತಿಯ ವಿಷಯದಲ್ಲಿ ಸಾಧುಗಳು ಕೊಟ್ಟ ಉತ್ತರವು ಸ್ಮರಣೀಯವಾಗಿದೆ. ಮದುವೆಯಾಗದ ಬಾಲಕಿಯರು ಗೊಂಬೆಗಳನ್ನಿಟ್ಟುಕೊಂಡು ಆಡುವರು, ಸಂಸಾರವು ದೊರೆತ ಮೇಲೆ ತಾವಾಗಿಯೇ ಅವನ್ನು ಬಿಡುವರು. ಹಾಗೆಯೇ ಒಳಗಿನ ತತ್ತ್ವವನ್ನು ಅರಿಯದವನ ಮನಸ್ಸು ನಿಲ್ಲುವುದಕ್ಕೆ ರೂಪವು ಬೇಕು, ಅರಿತವನಿಗೆ ಅದರ ಅಗತ್ಯವಿಲ್ಲ ಎಂಬುದು ಅದರ ತಾತ್ಪರ್ಯ. ಮತಾಂತರದ ಆಸೆಯಾಗಲಿ ಜಯಾಪಜಯದ ಎಣಿಕೆಯಾಗಲಿ ಇಲ್ಲದೆ ಇಬ್ಬರು ಬೇರೆಬೇರೆ ಮತದವರು ದೇವರ ವಿಷಯವನ್ನು ಮಾತನಾಡಬಹುದೆಂಬುದನ್ನು ಆ ಏಳು ಗೋಷ್ಠಿಗಳು ತೋರಿಸಿಕೊಟ್ಟವು. ಕಂದಹಾರದಲ್ಲಿ ಸೋತವನು ಲಾಹೋರಿನಲ್ಲಿ ಗೆದ್ದನು.

1655ರಲ್ಲಿ ಅವನ ಪ್ರಸಿದ್ಧ ಗ್ರಂಥವಾದ 'ಮಜ್ಮ ಉಲ್ ಬಹ್ರೈನ್' ಹೊರಬಂದಿತು. ಎರಡು ಕಡಲುಗಳ ಸಂಗಮವೆಂದು ಅದರ ಅರ್ಥ. ಆ ಪದಪುಂಜವು ಕುರಾನಿನಲ್ಲಿಯೇ ಬಂದಿರುವುದು. ಸೂಫಿಗಳ ಜ್ಞಾನವೊಂದು ಕಡಲು, ಹಿಂದೂ ಜ್ಞಾನಿಗಳ ತತ್ತ್ವವೊಂದು ಕಡಲು. ಇಪ್ಪತ್ತೆರಡು ಪ್ರಕರಣಗಳಲ್ಲಿ ಅವನು ಎರಡು ಪರಂಪರೆಗಳ ಪರಿಭಾಷೆಗಳನ್ನು ಒಂದರ ಪಕ್ಕದಲ್ಲಿ ಒಂದನ್ನಿಟ್ಟು ಪರಿಶೀಲಿಸಿದನು. ಪಂಚಭೂತಗಳು, ಇಂದ್ರಿಯಗಳು, ಪ್ರಾಣ, ನಾದ, ಜ್ಯೋತಿ, ದರ್ಶನ, ಭಗವನ್ನಾಮಗಳು, ಬ್ರಹ್ಮಾಂಡ, ಮುಕ್ತಿ ಇವೆಲ್ಲವೂ ಅಲ್ಲಿ ವಿಚಾರಕ್ಕೆ ಬಂದಿವೆ. ಸೂಫಿಗಳು ಹೇಳುವ ನಾಸೂತ್, ಮಲಕೂತ್, ಜಬರೂತ್, ಲಾಹೂತ್ ಎಂಬ ನಾಲ್ಕು ಲೋಕಗಳೂ ವೇದಾಂತಿಗಳು ಹೇಳುವ ಜಾಗ್ರತ್, ಸ್ವಪ್ನ, ಸುಷುಪ್ತಿ, ತುರೀಯಗಳೂ ಒಂದೇ ಅನುಭವದ ಎರಡು ಹೆಸರುಗಳೆಂದು ಅವನು ಕಂಡುಕೊಂಡನು. ರೂಹ್ ಎಂಬುದೇ ಆತ್ಮ. ಸೃಷ್ಟಿಗೆ ಮೂಲವಾದ ಇಶ್ಕ್ ಎಂಬ ಪ್ರೇಮವೇ ಮಾಯೆಯೆಂದು ಕರೆಯಿಸಿಕೊಳ್ಳುವ ಶಕ್ತಿ. ಈ ಗ್ರಂಥಕ್ಕೆ 'ಸಮುದ್ರಸಂಗಮ'ವೆಂಬ ಸಂಸ್ಕೃತ ರೂಪವೂ ಉಂಟು. ಎಲ್ಲ ಹೋಲಿಕೆಗಳನ್ನೂ ಶಾಸ್ತ್ರಜ್ಞರು ಒಪ್ಪಲಾರರು. ಕೆಲವು ಬಲವಂತದ ಹೋಲಿಕೆಗಳೂ ಅದರಲ್ಲಿವೆ. ಆದರೂ ನೆರೆಯವನ ಮಾತಿನ ಅರ್ಥವನ್ನು ಅವನ ಕೋಶದಲ್ಲಿಯೇ ಹುಡುಕಬೇಕೆಂಬ ಮಾರ್ಗವನ್ನು ಅದು ತೆರೆಯಿತು.

ಮರುವರ್ಷ ದಾರಾನ ಪ್ರೇರಣೆಯಿಂದ ಯೋಗವಾಸಿಷ್ಠವು ಪಾರಸಿಗೆ ಬಂದಿತು. 1657ರಲ್ಲಿ ಅವನು ಕಾಶಿಯಿಂದ ಪಂಡಿತರನ್ನೂ ಸಂನ್ಯಾಸಿಗಳನ್ನೂ ದೆಹಲಿಗೆ ಬರಮಾಡಿಕೊಂಡು, ಯಮುನಾತೀರದ ನಿಗಮಬೋಧ ಘಟ್ಟದ ಬಳಿಯ ತನ್ನ ಭವನದಲ್ಲಿ ಆರು ತಿಂಗಳ ಕಾಲ ಕುಳ್ಳಿರಿಸಿ, ಐವತ್ತು ಉಪನಿಷತ್ತುಗಳನ್ನು ಪಾರಸಿಗೆ ತಂದನು. 'ಸಿರ್ರ್ ಎ ಅಕ್ಬರ್', ಎಂದರೆ ಮಹಾರಹಸ್ಯ, ಎಂದು ಅದಕ್ಕೆ ಹೆಸರಿಟ್ಟನು. ಏಕದೇವತತ್ತ್ವದ ವಿವರಣೆಯನ್ನು ಅರಸುತ್ತ ಯಹೂದ್ಯರ ಮತ್ತು ಕ್ರೈಸ್ತರ ಗ್ರಂಥಗಳನ್ನೂ ಓದಿದುದಾಗಿಯೂ, ತಾನು ಬಯಸಿದ ಸ್ಪಷ್ಟತೆಯು ಉಪನಿಷತ್ತುಗಳಲ್ಲಿ ದೊರೆತುದಾಗಿಯೂ ಪೀಠಿಕೆಯಲ್ಲಿ ತಿಳಿಸಿದನು. ಕುರಾನಿನಲ್ಲಿ ಪ್ರಸ್ತಾಪಿತವಾಗಿರುವ ಗುಪ್ತಗ್ರಂಥವು ಈ ಉಪನಿಷತ್ತುಗಳೇ ಆಗಿರಬೇಕೆಂದು ಅವನು ಬರೆದುದು ಮೌಲ್ವಿಗಳಲ್ಲಿ ಅನೇಕರಿಗೆ ಸಹಿಸಲಾಗದ ಮಾತಾಯಿತು.

ಇಲ್ಲಿ ಕನ್ನಡನಾಡಿನವರು ನೆನೆಯಬೇಕಾದ ಸಂಗತಿಯೊಂದಿದೆ. ದೆಹಲಿಯಲ್ಲಿ ಅಣ್ಣನು ಪಂಡಿತರೊಡನೆ ಕುಳಿತು ಉಪನಿಷತ್ತುಗಳನ್ನು ಪಾರಸಿಗೆ ತಿರುಗಿಸುತ್ತಿದ್ದ ಅದೇ 1657ರಲ್ಲಿ ತಮ್ಮನಾದ ಔರಂಗಜೇಬನು ಬಿಜಾಪುರದ ಆದಿಲಶಾಹಿ ರಾಜ್ಯದ ಮೇಲೆ ದಂಡೆತ್ತಿ ಬಂದಿದ್ದನು. ಮೊದಲು ಬೀದರದ ಕೋಟೆಯು ಬಿದ್ದಿತು. ತರುವಾಯ, ಉಪನಿಷತ್ತುಗಳ ಭಾಷಾಂತರವು ಮುಗಿದ ಆ ಮಳೆಗಾಲದಲ್ಲಿಯೇ, ಬಸವಾದಿ ಪ್ರಮಥರ ಕಲ್ಯಾಣವು ಮೊಗಲರ ವಶವಾಯಿತು. ಐದು ಶತಮಾನಗಳ ಹಿಂದೆ ನಾನಾ ಕಾಯಕದ ಶರಣರು ಒಂದೆಡೆ ಕುಳಿತು ಅನುಭಾವವನ್ನು ಹಂಚಿಕೊಂಡ ಊರಿನ ಕೋಟೆಗೆ ಫಿರಂಗಿಯ ಗುಂಡುಗಳು ತಾಗಿದವು. ದಾರಾನ ಪ್ರಭಾವದಿಂದ ಷಾಜಹಾನನು ಬಿಜಾಪುರದೊಡನೆ ಸಂಧಿಯಾಗಬೇಕೆಂದು ಆಜ್ಞೆಮಾಡಲು ಯುದ್ಧವು ನಿಂತಿತು. ದಾರಾನ ಮನಸ್ಸಿನಲ್ಲಿ ಶಾಂತಿಪ್ರಿಯತೆಯೊಂದೇ ಇತ್ತೆನ್ನುವಂತಿಲ್ಲ. ತಮ್ಮನ ಬಲವು ಹೆಚ್ಚಬಾರದೆಂಬ ಎಣಿಕೆಯೂ ಇತ್ತು. ರಾಜಕಾರಣದಲ್ಲಿ ತೊಡಗಿದವನ ಕೈಗಳು ಪೂರ್ಣವಾಗಿ ನಿರ್ಮಲವಾಗಿರುವುದು ದುರ್ಲಭ.

1657ರ ಸೆಪ್ಟೆಂಬರಿನಲ್ಲಿ ಷಾಜಹಾನನು ರೋಗದಿಂದ ಮಲಗಿದನು. ನಾಲ್ವರು ಮಕ್ಕಳಲ್ಲಿ ಸಿಂಹಾಸನದ ಕಲಹವು ಮೊದಲಾಯಿತು. ಇದನ್ನು ಎರಡು ಮತಗಳ ಯುದ್ಧವೆಂದು ತಿಳಿಯುವುದು ಸರಿಯಲ್ಲ. ಇಬ್ಬರ ಪಕ್ಷದಲ್ಲಿಯೂ ಮುಸಲ್ಮಾನ ಸರದಾರರಿದ್ದರು, ಇಬ್ಬರ ಪಕ್ಷಕ್ಕೂ ರಜಪೂತ ಅರಸರು ಸೇರಿದರು. ದಾರಾನಲ್ಲಿ ದೋಷಗಳೂ ಇದ್ದವು. ತಂದೆಯ ಅತಿಶಯವಾದ ಪ್ರೀತಿಯಿಂದ ಸಿಂಹಾಸನದ ಪಕ್ಕದಲ್ಲಿಯೇ ಬೆಳೆದ ಅವನು ರಣರಂಗವನ್ನು ಚೆನ್ನಾಗಿ ಅರಿಯದವನು. ಸಾಧುಗಳ ಮುಂದೆ ವಿನೀತನಾಗಿ ಕೂಡುತ್ತಿದ್ದವನು ಸರದಾರರ ಮುಂದೆ ಗರ್ವಿಷ್ಠನಾಗಿದ್ದನು. ಮುಲ್ಲಾಗಳನ್ನು ಕಟುವಾಗಿ ಹಳಿದು ಬರೆಯುತ್ತಿದ್ದನು. ಪರಮತದವರನ್ನು ಆದರಿಸಿದವನು ಸ್ವಮತದ ಪಂಡಿತರನ್ನು ಸಮಾಧಾನದಿಂದ ಒಲಿಸಿಕೊಳ್ಳಲಿಲ್ಲ. ಈ ಕೊರತೆಯು ಅವನಿಗೆ ಮುಳುವಾಯಿತು. 1658ರ ಮೇ ತಿಂಗಳಿನಲ್ಲಿ ಆಗ್ರಾದ ಸಮೀಪದ ಸಾಮೂಗಢದಲ್ಲಿ ಅವನು ಔರಂಗಜೇಬ ಮುರಾದರ ಕೂಡಿದ ಸೈನ್ಯಕ್ಕೆ ಸೋತನು. ಔರಂಗಜೇಬನು ತಂದೆಯನ್ನು ಆಗ್ರಾದ ಕೋಟೆಯಲ್ಲಿ ಸೆರೆಯಿಟ್ಟು ತಾನೇ ಪಟ್ಟವನ್ನೇರಿದನು.

ಅಲ್ಲಿಂದ ಮುಂದಿನ ಒಂದು ವರ್ಷದ ಕಥೆಯು ಅಲೆದಾಟದ ಕಥೆ. ದೆಹಲಿ, ಲಾಹೋರು, ಮುಲ್ತಾನ, ಸಿಂಧ, ಗುಜರಾತುಗಳಲ್ಲಿ ದಾರಾನು ನೆಲೆಯನ್ನರಸುತ್ತ ತಿರುಗಿದನು. ನೆರವನ್ನೀಯುವುದಾಗಿ ಆಸೆತೋರಿಸಿದ ಜಸವಂತಸಿಂಹನು ಹಿಂಜರಿದನು. 1659ರ ಮಾರ್ಚಿಯಲ್ಲಿ ತಾನು ಹುಟ್ಟಿದ ಅಜಮೀರದ ಹತ್ತಿರ ದೇವರಾಯಿಯಲ್ಲಿಯೇ ಅವನಿಗೆ ಕೊನೆಯ ಸೋಲಾಯಿತು. ಪಾರಸಿಕದೇಶಕ್ಕೆ ಹೋಗಬೇಕೆಂದು ಬೋಲನ್ ಕಣಿವೆಯ ಕಡೆಗೆ ಹೊರಟಾಗ, ದಾರಿಯ ಕಷ್ಟದಿಂದ ಬಳಲಿದ್ದ ನಾದಿರಾ ಬಾನುವು ಪ್ರಾಣಬಿಟ್ಟಳು. ದಾರಾನು ಉಳಿದಿದ್ದ ಅಲ್ಪಸೈನ್ಯವನ್ನು ತನ್ನ ರಕ್ಷಣೆಗೆ ಇಟ್ಟುಕೊಳ್ಳದೆ, ಆಕೆಯ ಶರೀರವನ್ನು ಲಾಹೋರಿಗೆ ಒಯ್ದು ಮಿಯಾನ್ ಮೀರರ ಸಮಾಧಿಯ ಬಳಿಯಲ್ಲಿ ಮಣ್ಣುಮಾಡಿ ಬರಲೆಂದು ಕಳುಹಿಸಿಬಿಟ್ಟನು. ಮಲಿಕ ಜೀವನನೆಂಬ ಅಫಘಾನ ಪಾಳೆಯಗಾರನ ಆಶ್ರಯವನ್ನು ನಂಬಿದನು. ಹಿಂದೆ ಷಾಜಹಾನನು ಆನೆಯ ಕಾಲಿನಿಂದ ತುಳಿಸಬೇಕೆಂದು ವಿಧಿಸಿದ್ದಾಗ ದಾರಾನ ಬಿನ್ನಹದಿಂದಲೇ ಬದುಕಿಕೊಂಡವನು ಅವನು. ಆ ಮಲಿಕ ಜೀವನನೇ ದಾರಾನನ್ನು ಹಿಡಿದು ಶತ್ರುಗಳಿಗೆ ಒಪ್ಪಿಸಿದನು.

1659ರ ಆಗಸ್ಟಿನ ಕೊನೆಯಲ್ಲಿ ದಾರಾನನ್ನೂ ಅವನ ಕಿರಿಯ ಮಗ ಸಿಪಿಹರ ಶಿಕೋಹನನ್ನೂ ಕೊಳೆಯಾದ ಆನೆಯೊಂದರ ಮೇಲೆ ಕುಳ್ಳಿರಿಸಿ ದೆಹಲಿಯ ಬೀದಿಗಳಲ್ಲಿ ಮೆರೆಯಿಸಲಾಯಿತು. ಹಿಂದೆ ಅವನು ವೈಭವದಿಂದ ಸಾಗಿದ್ದ ಬೀದಿಗಳವು. ಫ್ರಾನ್ಸಿನ ವೈದ್ಯ ಬರ್ನಿಯರನು ಅದನ್ನು ಕಣ್ಣಾರೆ ಕಂಡು, ನೆರೆದ ಜನರೆಲ್ಲರೂ ಗೋಳಿಟ್ಟರೆಂದು ಬರೆದಿದ್ದಾನೆ. ಅಳುತ್ತಿದ್ದವರಲ್ಲಿ ಹಿಂದೂ ಮುಸಲ್ಮಾನರೆಂಬ ಭೇದವಿರಲಿಲ್ಲ. ಮರುದಿನ ಜನರು ರೊಚ್ಚಿಗೆದ್ದು ದ್ರೋಹಿಯಾದ ಮಲಿಕ ಜೀವನನ ಪರಿವಾರದ ಮೇಲೆ ಬಿದ್ದರು. ಆಸ್ಥಾನದ ವಿದ್ವಾಂಸ ದಾನಿಶ್ಮಂದ ಖಾನನು ದಾರಾನ ಪ್ರಾಣವನ್ನು ಉಳಿಸಬೇಕೆಂದು ಬೇಡಿಕೊಂಡನು, ಮಾತು ನಡೆಯಲಿಲ್ಲ. ಧರ್ಮಭ್ರಷ್ಟನೆಂಬ ಆರೋಪವನ್ನು ಹೊರಿಸಿ ಅವನನ್ನು ಕೊಲ್ಲಿಸಲಾಯಿತು. ನಾಗರಲಿಪಿಯಲ್ಲಿ ಪ್ರಭು ಎಂಬ ಹೆಸರನ್ನು ಕೆತ್ತಿದ ಉಂಗುರವನ್ನು ಧರಿಸಿದುದು, ಬ್ರಾಹ್ಮಣರ ಯೋಗಿಗಳ ಸಹವಾಸವನ್ನು ಮಾಡಿದುದು ಇವೇ ಆಸ್ಥಾನದ ಇತಿಹಾಸವು ಎಣಿಸಿದ ಅಪರಾಧಗಳಲ್ಲಿ ಸೇರಿದ್ದವು. ಶರೀರವನ್ನು ಹುಮಾಯೂನನ ಸಮಾಧಿಯ ಆವರಣದಲ್ಲಿ ಹೂಳಿದರು. ಅಲ್ಲಿಯ ಹೆಸರಿಲ್ಲದ ಅನೇಕ ಸಮಾಧಿಗಳಲ್ಲಿ ಅವನದು ಯಾವುದೆಂದು ಗುರುತಿಸಲು 2020ರಲ್ಲಿ ಭಾರತ ಸರಕಾರವು ತಜ್ಞರ ಸಮಿತಿಯೊಂದನ್ನು ನೇಮಿಸಿತು.

ದಾರಾನ ಸಂವಾದಗಳು ಅವನೊಡನೆಯೇ ಮಣ್ಣಾದವೇ? ಆಗಲಿಲ್ಲ. ಅವನ ಬಳಿಯಲ್ಲಿದ್ದ ಪ್ರಸಿದ್ಧ ಪಂಡಿತರೊಬ್ಬರನ್ನು ದಾನಿಶ್ಮಂದ ಖಾನನು ತನ್ನ ಮನೆಗೆ ಕರೆತಂದು ಪೋಷಿಸಿದನು. ಆ ಮನೆಯಲ್ಲಿ ಖಾನನೂ ಪಂಡಿತನೂ ಬರ್ನಿಯರನೂ ಮೂರು ವರ್ಷಗಳ ಕಾಲ ಕುಳಿತು ಭಾರತದ ಶಾಸ್ತ್ರಗಳನ್ನೂ, ರಕ್ತಸಂಚಾರವನ್ನು ಕಂಡುಹಿಡಿದ ಹಾರ್ವೆಯೇ ಮೊದಲಾದ ಯುರೋಪಿನ ವಿದ್ವಾಂಸರ ಹೊಸ ವಿಚಾರಗಳನ್ನೂ ಚರ್ಚಿಸಿದರು. ಅತ್ತ ಉಪನಿಷತ್ತುಗಳ ಪಾರಸಿ ಪ್ರತಿಯು ಫ್ರಾನ್ಸಿನ ಆಂಕೆತಿಲ್ ದ್ಯುಪೆರೋನನ ಕೈಸೇರಿತು. ಅವನು ಅದನ್ನು ಲ್ಯಾಟಿನ್ ಭಾಷೆಗೆ ತಿರುಗಿಸಿ 1801-02ರಲ್ಲಿ ಎರಡು ಸಂಪುಟಗಳಾಗಿ ಅಚ್ಚುಹಾಕಿಸಿದನು. ಜರ್ಮನ್ ತತ್ತ್ವಜ್ಞಾನಿ ಶೋಪನ್‌ಹೌವರನು ಆ ಗ್ರಂಥವನ್ನು ಜೀವನವೆಲ್ಲ ಆದರದಿಂದ ಓದಿದನು. ಹೀಗೆ ಯುರೋಪಿನ ಪಂಡಿತಲೋಕಕ್ಕೆ ಉಪನಿಷತ್ತುಗಳ ಬಾಗಿಲನ್ನು ಮೊದಲು ತೆರೆದ ಕೈ ಒಬ್ಬ ಮುಸಲ್ಮಾನ ರಾಜಕುಮಾರನದು.

ದಾರಾನ ಪ್ರಯತ್ನಕ್ಕೊಂದು ಮಿತಿಯಿದ್ದಿತು. ಅವನ ಗೋಷ್ಠಿಗಳು ಅರಮನೆಯಲ್ಲಿಯೂ ಪಂಡಿತರ ನಡುವೆಯೂ ನಡೆದವು. ನೇಯುವವನೂ ಅಗಸನೂ ಅಂಬಿಗನೂ ಅಲ್ಲಿಗೆ ಬರಲಿಲ್ಲ. ಕಲ್ಯಾಣದಲ್ಲಿ ಶರಣರು ಕಾಯಕಜೀವಿಗಳನ್ನು ಸಮಾನಾಸನದಲ್ಲಿ ಕುಳ್ಳಿರಿಸಿ, ಜನರ ನುಡಿಯಲ್ಲಿಯೇ ತತ್ತ್ವವನ್ನು ಬಿತ್ತಿದುದರಿಂದ, ಅರಸನ ಕೋಪವು ಅವರನ್ನು ಚದರಿಸಿದರೂ ಬಿತ್ತಿದ ಬೆಳೆಯು ಮನೆಮನೆಯಲ್ಲಿ ಉಳಿಯಿತು. ದಾರಾನ ಸಂಗಮಕ್ಕೆ ಅಂಥ ನೆಲವು ದೊರೆಯದುದರಿಂದ ಸಿಂಹಾಸನವು ಹೋದೊಡನೆ ಅದರ ಆಶ್ರಯವೂ ಹೋಯಿತು. ಮತಸೌಹಾರ್ದವು ಪ್ರಭುವಿನ ಕೃಪೆಯನ್ನೇ ನಂಬಿದರೆ ಪ್ರಭುವಿನೊಡನೆ ಅಳಿಯುವುದು. ಗೃಹಸ್ಥರ ನಡೆಯಲ್ಲಿ ನೆಲೆಸಿದರೆ ಬಾಳುವುದು. ಪರಮತದ ನೆರೆಯವನು ನಂಬುವುದೇನೆಂಬುದನ್ನು ಇತರರ ಬಾಯಿಂದ ಕೇಳದೆ ಅವನನ್ನೇ ಆದರದಿಂದ ಕೇಳುವುದು, ಅವನ ಮಾತನ್ನು ಅವನ ಅರ್ಥದಲ್ಲಿಯೇ ತಿಳಿಯುವುದು, ತನ್ನ ನಿಷ್ಠೆಯನ್ನು ಬಿಡದೆ ಅವನ ನಿಷ್ಠೆಯನ್ನು ಗೌರವಿಸುವುದು, ಅವನ ಯಾತ್ರೆಯ ಭಾರವನ್ನು ಆದಷ್ಟು ಹಗುರಮಾಡುವುದು ಇವು ಅರಮನೆಯಿಲ್ಲದವರಿಗೂ ಸಾಧ್ಯವಾದ ಆಚರಣೆಗಳು. ದಾರಾನು ಇಷ್ಟನ್ನು ಮಾಡಿದನು. ಇದಕ್ಕಾಗಿಯೇ ಅವನ ಚರಿತ್ರೆಯು ಭಕ್ತರ ಸ್ಮರಣೆಗೆ ಯೋಗ್ಯವಾಗಿರುವುದು.